ಒಳಗೆ ಬಿಟ್ಟ ಬಟ್ಟೆ

ಪರೇಲಿನ ಈ ನೆಲಮಾಳಿಗೆಗೆ ಕಿಟಕಿಯಿಲ್ಲ.
ಮೇಲೆ ಬಿಸಿಲೆಷ್ಟು ಏರಿತೆಂದು
ಬಂದವರ ಹಣೆ ನೋಡಿ ತಿಳಿಯಬೇಕು.
ಪರದೆಯ ಮೇಲೆ ನೀಲವ್ವ ಹೊಸೂರ, ಐವತ್ತೆಂಟು,
ಮೂರು ಮಿಲಿಮೀಟರಿಗೊಂದು ಹೋಳಾಗಿ.

ಆರು ತಾಸು ಉಪವಾಸ. ಆಮೇಲೆ ನರಕ್ಕೆ
ಬೆಳಕಿಟ್ಟ ಸಕ್ಕರೆ. ಕತ್ತಲ ಕೋಣೆಯಲ್ಲಿ
ಒಂದು ತಾಸು ಮಾತಿಲ್ಲದೆ, ಮಗ್ಗುಲು ಬದಲಿಸದೆ.
ಯಾವುದು ಹೆಚ್ಚು ಹಸಿದಿದೆಯೋ ಅದು ಮೊದಲು ತಿನ್ನುತ್ತದೆ,
ತಿಂದದ್ದು ಹೊಳೆಯುತ್ತದೆ.
ಇಷ್ಟೇ ಇದರ ವಿದ್ಯೆ.

ಮಿದುಳು ಹೊಳೆದಿದೆ, ಅದು ಸರಿ.
ಉಚ್ಚೆಚೀಲ ಹೊಳೆದಿದೆ, ಅದೂ ಸರಿ.
ಬಲ ಪುಪ್ಪುಸದ ಅಡಿಗೆ ಒಂದು, ಕಡಲೆಕಾಳಿನಷ್ಟು.
ಬೆನ್ನಿನ ಒಂಬತ್ತನೆಯ ಮಣಿಯಲ್ಲಿ ಒಂದು.
ಸೊಂಟದೆಲುಬಿನ ಅಂಚಿಗೆ ಮತ್ತೊಂದು.
"ಎಣಿಸಬಹುದು," ಅಂದರು ಡಾಕ್ಟರ್ ಮೆಹರ್.
ನಮ್ಮ ಕಡೆ ಅದು ಸಣ್ಣ ಮಾತಲ್ಲ.

ಕೆಳಗೆ ಕೆಳಗೆ ಇಳಿದೆ.
ಮೀನಖಂಡಗಳೆರಡೂ ಕೆಂಡದ ಹಾಗೆ.
ಓಡಿಹೋಗಿ ಕೇಳಿದೆ: ನಿನ್ನೆ ಏನು ಮಾಡಿದಿರಿ?

"ಏನಿಲ್ರೀ." ಗೌನಿನ ಲಾಡಿ ಬೆರಳಿಗೆ ಸುತ್ತಿದಳು.
"ಹಿಂದಮಾತಾದ ಹುಡುಗೀದು ನಾಳೆ ಲಗ್ನ.
ಮೂರು ಬ್ಲೌಸ್ ಬಾಕಿ ಇದ್ವು, ಮೋಟರ್ ಸುಟ್ಟಿತ್ತು.
ಹಳೇ ಕಾಲ್ ಮಶಿನ್ ತುಳದೆ,
ರಾತ್ರಿ ಎರಡೂವರಿ ತನಕ."

ದಣಿಯಬೇಡಿ ಎಂದು ಹಾಳೆಯಲ್ಲಿ ಬರೆದಿತ್ತು.
ನೀಲವ್ವನಿಗೆ ಓದಲು ಬರುವುದು
ಟೇಪಿನ ಮೇಲಿನ ಅಂಕಿ ಮಾತ್ರ.

ಕಾಲುಗಳನ್ನು ಎಣಿಕೆಯಿಂದ ಬಿಟ್ಟೆ. ಗೆರೆ ಎಳೆಯತೊಡಗಿದೆ.
ಕಾಳಿಗೊಂದು ಗೆರೆ.
ಉಸಿರಿನೊಡನೆ ಅದು ಹತ್ತಿಳಿಯುವ ಓಣಿಗೊಂದು,
ಹತ್ತು ಚಿತ್ರ ಒಂದರ ಮೇಲೊಂದಿಟ್ಟು.
ಅದರಾಚೆ ನಮ್ಮ ಕೈತಪ್ಪಿಗೆ ಐದು ಮಿಲಿಮೀಟರ್.

ಗಾಳಿ ಹೀರಿದ ಚೀಲದಲ್ಲಿ ಮೈಯಚ್ಚು ಬಿಟ್ಟು
ಎದ್ದು ಬಂದವಳು ನನ್ನ ಹೆಗಲ ಹಿಂದೆ ನಿಂತಳು.
"ಹೊರಗಿನ ಗೆರಿ ಯಾಕ್ರೀ?"
ಅಲುಗಾಡಿದರೆ ಇರಲಿ ಅಂತ.
"ನಾವೂ ಬಿಡ್ತೀವಿ, ಒಳಗ ಅರ್ಧ ಇಂಚು.
ಮೈ ತುಂಬಿದ್ರ ಬಿಚ್ಚಾಕ ಬೇಕಲ್ಲ."
ಬೆನ್ನಿನ ಮಣಿಯ ಮೇಲೆ ಬೆರಳಿಟ್ಟಳು.
"ಇಲ್ಲಿ ಭಾಳ ಬಿಗಿ ಆತು."

ಬಿಗಿಯೇ. ಅದರ ಬೆನ್ನಿಗೇ ಹುರಿ.
ತಾಗಿದರೆ ಆ ಕಾಲುಗಳು ಮತ್ತೆ ತುಳಿಯಲಾರವು.
ಅವಳು ಹೋದ ಮೇಲೂ ಸಂಜೆವರೆಗೆ
ಅರ್ಧ ಮಿಲಿಮೀಟರಿನ ಜೊತೆ ಜಗಳವಾಡಿದೆ.

ಹೋಗುವ ಮುಂಚೆ ಚರ್ಮಕ್ಕೆ ಮೂರು ಚುಕ್ಕಿ ಹಚ್ಚೆ,
ದಿನಾ ಬೆಳಕು ಅಲ್ಲಿಗೇ ಕೂಡಬೇಕು.
"ಸೀಮೆಸುಣ್ಣ ಆಗಿದ್ರ ತೊಳೀಬಹುದಿತ್ತು," ಅಂದಳು,
ಸೂಜಿಗೆ ಕಣ್ಣು ಮಿಟುಕಿಸದೆ.

ಐದು ಸಲ ಬರಬೇಕು.
ಮೂರು ತಿಂಗಳಿಗೆ ಮತ್ತೆ ಚಿತ್ರ.
ಹಿಂದಿನ ರಾತ್ರಿ ದಯವಿಟ್ಟು ಹೊಲಿಯಬೇಡಿ, ಎಂದೆ.
ಬೆರಳ ಗೆಣ್ಣಿನ ಮೇಲೆ ತಿಂಗಳು ಎಣಿಸಿದಳು,
ತುಸು ನಕ್ಕಳು:
"ಆಗ ವೈಶಾಖರೀ. ಲಗ್ನದ ಹಂಗಾಮ.
ಮಾತು ಕೊಡೂದಿಲ್ಲ."