ಸಾಕ್ಸ್ ಜಾಹೀರಾತು, ಬಹುಶಃ

ರಾಕ್‌ಹ್ಯಾಂಪ್ಟನ್ನಿನಿಂದ ಬಂದ ಲಕೋಟೆಯೊಳಗೆ
ಇನ್ನೊಂದು ಲಕೋಟೆ, ತನ್ನದೇ ವಿಳಾಸ ಬರೆದು
ಅಂಚೆಚೀಟಿ ಅಂಟಿಸಿ ಮಡಿಸಿಟ್ಟದ್ದು.
ರೂಲುಹಾಳೆ. ಅಕ್ಷರ ಮುತ್ತಲ್ಲ, ಮೊಳೆ.
ಕ್ಲೆಮ್ ಹ್ಯಾನಿಗನ್, ರೈಲ್ವೆ ಸಿಗ್ನಲ್ಲು, ನಿವೃತ್ತ.
'ಡಿಸೆಂಬರ್ ಹನ್ನೊಂದು, ಗುರುವಾರ,
ಮಧ್ಯಾಹ್ನ ಮೂರು ಹನ್ನೆರಡರಿಂದ ಹನ್ನೊಂದು ನಿಮಿಷ
ನಿಮ್ಮ ಸೆಡೂನಾ ಕೇಂದ್ರ ನನ್ನ ಚಾವಣಿಯ ಮೇಲಿನ
ಐದು ಕಡ್ಡಿಯ ಆಂಟೆನಾಕ್ಕೆ ಸಿಕ್ಕಿತು.
ದಯವಿಟ್ಟು ದೃಢೀಕರಿಸಿ.'

ಕೇಂದ್ರ ಅಂದರೆ ಫುಟ್‌ಬಾಲ್ ಕ್ಲಬ್ಬಿನ ಹಿಂದಿನ
ಒಂದು ತಗಡಿನ ಕೋಣೆ. ಗೋಧಿಯ ಸೈಲೊ ದಾಟಿದರೆ
ನಮ್ಮ ದನಿ ಗೊರಗುಟ್ಟುತ್ತದೆ,
ಸಿಂಪಿ ಸಾಕುವವರ ದೋಣಿಗೂ ನೆಟ್ಟಗೆ ಮುಟ್ಟದು.
ಹತ್ತೊಂಬತ್ತು ನೂರು ಕಿಲೋಮೀಟರ್?
ನೆವಿಲ್ ಶುಲ್ಟ್ಜ್ ನಕ್ಕ. ಆಮೇಲೆ
ಕನ್ನಡಕ ಏರಿಸಿ ಲಾಗ್ ಪುಸ್ತಕ ತೆರೆದ.

ಮೂರು ಹನ್ನೆರಡಕ್ಕೆ ಅಂಥದ್ದೇನೂ ಇಲ್ಲ.
ಅಲ್ಲ ನೆವಿಲ್, ಅವರ ಗಡಿಯಾರ
ಬೇಸಿಗೆಯಲ್ಲಿ ನಮಗಿಂತ ಅರ್ಧ ಗಂಟೆ ಹಿಂದೆ.
ನಾನು ಮಾತಾಡುವ ಅರ್ಧ ಗಂಟೆ ಮೊದಲೇ
ಆತ ನನ್ನನ್ನು ಕೇಳಿಸಿಕೊಂಡಿದ್ದಾನೆ, ಅಷ್ಟೆ.

ಮೂರು ನಲವತ್ತೆರಡು: ಉಬ್ಬರ, ಇಳಿತ. ಸರಿ.
ಲೂಥರನ್ ಚರ್ಚಿನ ಕೇಕ್ ಮಾರಾಟ, ಶನಿವಾರ.
ಲಾಗಿನಲ್ಲಿ ಭಾನುವಾರ. ತಪ್ಪು ಆತನದಲ್ಲ, ನನ್ನದು;
ಒಂದು ದಿನ ಮೊದಲೇ ಹೋಗಿ ಬಾಗಿಲು ಬಡಿದವರು
ಬೈದದ್ದು ನೆನಪಿದೆ.
ನೀಲಿ ಹೀಲರ್ ನಾಯಿ, ಎಡಗಿವಿ ಮಡಿಸಿದೆ, ಹೆಸರು ಪಿಕಲ್,
ಕಂಡವರು ಪೋಸ್ಟಾಫೀಸಿಗೆ ತಿಳಿಸಿ. ಸರಿ.
ಆಮೇಲೆ ಹಾಡು, ಹಾಡು ಒಂದೇ ಕಡೆ ಸಿಕ್ಕಿಕೊಂಡು
ನಲವತ್ತು ಸೆಕೆಂಡು ಅದೇ ಅರ್ಧ ಪದ.
ಆಮೇಲೆ, ಇಲ್ಲಿ ಅಡಿಗೆರೆ ಎಳೆದಿದ್ದಾನೆ,
ಹೆಂಗಸಿನ ದನಿ, ಎರಡು ಸೆಕೆಂಡು:
'ಸಾಕ್ ಅಪ್, ಸಾಕೂ. ಸಾಕ್ಸ್ ಜಾಹೀರಾತು, ಬಹುಶಃ.'

ನೆವಿಲ್ ಬೆರಳಿಟ್ಟು ಜಾಹೀರಾತಿನ ಪಟ್ಟಿ ಓದಿದ.
ದೋಣಿ ರಿಪೇರಿ. ಐಸು, ಗಾಳದ ಹುಳು. ಟ್ರ್ಯಾಕ್ಟರ್ ಟೈರು.
ಸಾಕ್ಸಿಗೆ ಯಾರೂ ದುಡ್ಡು ಕೊಟ್ಟಿಲ್ಲ, ಸೂ,
ಈತ ಕೇಳಿದ್ದು ಇನ್ಯಾವುದೋ ಊರನ್ನು.
ಲಾಗಿನಲ್ಲಿ ಇಲ್ಲದ್ದಕ್ಕೆ ಸೀಲು ಒತ್ತಲಾರೆ.

ಸುಗುಣಾಳ ಬೆನ್ನಲ್ಲಿ, ಸೂ ಅಲ್ಲ, ಸುಗುಣಾಳ ಬೆನ್ನಲ್ಲಿ
ಅಂದಿನ ಬೆವರು ಮತ್ತೆ ಇಳಿಯಿತು.
ನಲವತ್ನಾಲ್ಕು ಡಿಗ್ರಿ. ಏಸಿ ಕೆಟ್ಟಿತ್ತು.
ಸಿ.ಡಿ. ಪ್ಲೇಯರಿನ ತಲೆಗೆ ಮೊಟಕಿದೆ,
ಮೈಕಿನ ಕೆಂಪು ದೀಪ ನೋಡಲಿಲ್ಲ.
ಸಾಕಪ್ಪಾ ಸಾಕು.
ಯಾರಿಗೆ ಅಂದೆ? ಯಂತ್ರಕ್ಕೋ, ಸೆಕೆಗೋ,
ನಾಲ್ಕು ವರ್ಷ ಔಷಧಿ ಅಂಗಡಿಯ ಕೌಂಟರಿನಲ್ಲಿ
'ನೋ ವರೀಸ್' ಅಂದೂ ಅಂದೂ ಸವೆದ ನಾಲಿಗೆಗೋ.
ತಿಳಿಯುವವರು ಊರಲ್ಲೇ ಯಾರೂ ಇಲ್ಲವೆಂದು
ಅಷ್ಟು ಗಟ್ಟಿಯಾಗಿ ಅಂದೆನೇನೋ.

ಅದು ನೆಟ್ಟಗೆ ಮೇಲೆ ಹೋಯಿತು.
ಉರಿದುಹೋದ ಉಲ್ಕೆಗಳ ಕಬ್ಬಿಣದ ಹುಡಿ
ಅಂದು ನೂರು ಕಿಲೋಮೀಟರ್ ಎತ್ತರದಲ್ಲಿ
ನೀರುದೋಸೆಯಷ್ಟು ತೆಳ್ಳಗೆ ಹರಡಿತ್ತಂತೆ,
ಅದಕ್ಕೆ ತಗಲಿ, ಮರಳುಗಾಡು ಹಾರಿ,
ಮಾವಿನ ಮರಗಳ ಊರಲ್ಲಿ ಕಿವಿಗೊಟ್ಟು ಕೂತ
ಒಬ್ಬ ಮುದುಕನ ಬಳಿ ಇಳಿಯಿತು.
ಹನ್ನೊಂದು ನಿಮಿಷ. ಆಮೇಲೆ ಬರಿಯ ಭುಸ್ಸು.

ಸೀಲು ಕೊಡು ನೆವಿಲ್. ಅದು ನಾನು.
ಒಂದು ಗಳಿಗೆ ನೋಡಿದ. ಏನೂ ಕೇಳದೆ
ಒಣಗಿದ ಇಂಕ್ ಪ್ಯಾಡಿಗೆ ಎರಡು ಹನಿ ನೀರು ಬಿಟ್ಟು ಕೊಟ್ಟ.

ಕಾರ್ಡಿನ ಮೇಲೆ ಬರೆದೆ: ದಿನ, ಗಂಟೆ, ಸರಿ.
ಕೇಕ್ ಭಾನುವಾರ, ಆದರೂ ಸರಿ.
ಸಾಕ್ಸ್ ಅಲ್ಲ. ಅರ್ಥ ಬರೆಯಹೋಗಿ
ಇಂಗ್ಲಿಷಿನ ಮೂರು ಪದ ಒಂದೊಂದಾಗಿ ಹೊಡೆದುಹಾಕಿ
ಕನ್ನಡದಲ್ಲೇ ಬರೆದೆ. ಎಷ್ಟೋ ದಿನವಾಗಿತ್ತು,
'ಪ್ಪಾ' ಸ್ವಲ್ಪ ವಕ್ರವಾಯಿತು. ಅದರ ಮೇಲೇ ಸೀಲು.

ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಕೇಳಿದ್ದ,
ಇದು ದೃಢೀಕರಣಕ್ಕಲ್ಲ, ಸುಮ್ಮನೆ: ಪಿಕಲ್ ಸಿಕ್ಕಿತೇ?

ಸಿಕ್ಕಿತು. ಮೂರನೆಯ ದಿನ ತಾನಾಗಿಯೇ ಬಂತು,
ಮೂತಿಗೆಲ್ಲ ಮೀನಿನ ನಾತ.