ಜಾಲರಿಯ ಆಚೆ

ಹೊರಗ ಬೆಳಗಾವಿ ಥಂಡಿ. ಪೆಟ್ಟಿಗಿಯೊಳಗ ಮೂವತ್ತೇಳು ಡಿಗ್ರಿ.
ಪ್ಲೇಟಿನ ತಳದಾಗ ಭಕ್ಷಕ ಕೋಶಗಳು
ಸತ್ತ ಬ್ಯಾಕ್ಟೀರಿಯಾದ ಒಂದು ಚೂರು ಕಂಡು
ಊರಿಗೇ ಬೆಂಕಿ ಬಿದ್ದಂಗ ಒದರಾಕತ್ತಾವ.
ಮ್ಯಾಲ, ಜಾಲರಿಯ ಆಚೆ,
‘ಅದನ್ಯಾಕ ಕೇಳ್ತೀರಿ, ಒಯ್ರಿ’ ಅಂದಿದ್ದ
ಅಥಣಿಯ ಬಾಣಂತಿ ಪದ್ಮಜಾ ಉಪಾಧ್ಯೆಯ
ಹೊಕ್ಕಳಬಳ್ಳಿಯ ಕಾಂಡಕೋಶ.

ಮುಟ್ಟಂಗಿಲ್ಲ. ಮುಖ ನೋಡಂಗಿಲ್ಲ.
ಬರೇ ನೀರಿನಾಗ ಏನೋ ಬಿಟ್ಟು ಕುಂತಾವ,
ಜಗಳದ ಮನಿಯ ಗ್ವಾಡಿ ಆಚೆ
ಯಾರೋ ಒಗ್ಗರಣಿ ಕೊಟ್ಟಂಗ.

ಮುಂಜಾನೆ ಎಣಿಸಿದ್ನಿ: ಉರಿಯ ಅಂಕಿ ಅರ್ಧಕ್ಕಿಳದಿತ್ತು.

ಇನ್ನೊಂದು ಪ್ಲೇಟಿಗೆ ಕಿಡಿ ತಾಗಿಸಿದ್ದಿಲ್ಲ.
ಅಲ್ಲಿ ಇವೂ ಏನೂ ಮಾಡಿದ್ದಿಲ್ಲ.
ಉರಿಯ ಸುದ್ದಿ ಮುಟ್ಟದ
ತಣಿಸೂದು ಇವಕ್ಕೂ ಬರೂದಿಲ್ಲ.

ವಹಿಯಾಗ ಬರಕೊಂಡ್ನಿ. ಕೈ ತೊಳಕೊಂಡ್ನಿ.
ಮನಿಯಾಗ ಅವ್ವನ ಬಾತ ಬೆರಳಿಗೆ
ಇವತ್ತೂ ಬಿಸಿನೀರು, ಉಪ್ಪು.