ಗಡಿಯಾರದ ಎಡಕ್ಕ

ಜತ್ತ ಸ್ಟ್ಯಾಂಡಿನ ಹಿಂದ, ಝೆರಾಕ್ಸಿನ ಮಗ್ಗಲಕ,
ಮೂರು ಮೆಟ್ಟಲ ಇಳದ್ರ ನನ್ನ ಅಂಗಡಿ.
ಬೋರ್ಡು ಮರಾಠಿ. ಬೈಗಳ ಕನ್ನಡ.
ಲೆಕ್ಕ ಎರಡರಾಗೂ ತಪ್ಪತೈತಿ.

ಶನಿವಾರ ಮುಂಜಾನಿ ಸಾಲಿ ಮುಗಿಸಿ
ಮುಜಾವರ ಅಕ್ಕೋರು ಬಂದ್ರು.
ರೊಟ್ಟಿ ಸುತ್ತೋ ಅರಿವ್ಯಾಗ ಲ್ಯಾಪ್‌ಟಾಪು,
ಬಿಚ್ಚಿದ್ರ ಇನ್ನೂ ಬೆಚ್ಚಗ.

“ಅಮಸಿದ್ಧ, ಒಮ್ಮೆ ಚಾಲೂ ಆಗತೈತಿ, ಒಮ್ಮೆ ಇಲ್ಲ.
ಆದ್ರೂ ಕೆಳಗಿನ ಪಟ್ಟಿ ಖಾಲಿ.
ವೈಫೈ ಇಲ್ಲ, ಬ್ಯಾಟರಿ ಇಲ್ಲ,
ಗಡಿಯಾರದ ಎಡಕ್ಕ ಒಂದು ‘ಕ’ ಇರ್ತಿತ್ತಲ್ಲ,
ಅದೂ ಹೋಗೇತಿ.
ಸೋಮವಾರ ನಾಕನೆತ್ತಾದ ಪೇಪರ್ ಕೊಡಬೇಕು.”

ಗುಂಡಿ ಒತ್ತಿದೆ.
ಫ್ಯಾನು ಒಮ್ಮೆ ಕೆಮ್ಮಿ ಸುಮ್ಮನಾತು.
ಕರೇ ಪರದಿ. ಮೂಲ್ಯಾಗ ಒಂದು ಬಿಳಿ ಗೆರಿ
ಮಿಣಕ್, ಮಿಣಕ್,
ಏನರ ಹೇಳಾಕ ಬಂದು ಮರತವರಂಗ.

ಹಿಂದ ಮೊಳಿ ಒಂಬತ್ತು ಇರಬೇಕು. ಏಳ ಅದಾವ.
“ಇನ್ನೆರಡು?”
“ಹೋದ ಸಲ ಸಾಂಗಲ್ಯಾಗ ತಗದಿದ್ರು” ಅಂದ್ರು,
ಮುಂದ ಹೇಳಲಿಲ್ಲ.

ಒಳಗ ಖಡುವಿನ ಹುಡಿ,
ಫ್ಯಾನಿನ ರೆಕ್ಕಿ ರೆಕ್ಕಿಗೂ ಕುಂತಿತ್ತು.
ಫಳಿ ಮ್ಯಾಲಿನ ಮಗ್ಗಿ, ಕಾಗುಣಿತ,
ಒರಸಿದ್ದೆಲ್ಲಾ ಇಲ್ಲೇ ಬಂದು ಸೇರೇತಿ.
ಬ್ರಶ್ಶಿಲೆ ಝಾಡಿಸಿದೆ. ನನಗ ಸೀನು ಬಂತು.
“ನಮಗ ದಿನಾ” ಅಂದ್ರು ಅಕ್ಕೋರು.

ರ‍್ಯಾಮ್ ತಗದೆ. ಬಂಗಾರದ ಹಲ್ಲು ಮಬ್ಬಾಗಿದ್ವು.
“ರಬ್ಬರ್ ಐತೇನ್ರಿ?”
ಚೀಲದಾಗಿಂದ ಹದಿನಾಲ್ಕು ಬಂದ್ವು,
ಹುಡುಗೂರ ಕಡಿಂದ ಕಸಗೊಂಡವು.
ಒಂದರ ಮ್ಯಾಗ ಹಲ್ಲಿನ ಗುರ್ತು,
ಒಂದಕ್ಕ ಮಾವಿನ ವಾಸನಿ.
ಅದರಿಂದನ ತಿಕ್ಕಿದೆ. ಕೂಡಿಸಿದೆ. ಟಕ್ಕ್.

ಇನ್ನ ಗುಂಡಿ ಮೂವತ್ತು ಎಣಿಸೂತನಾ ಹಿಡಿಬೇಕು.
ನಾ ಮನಸಿನ್ಯಾಗ ಎಣಿಸೋದು ಮರಾಠ್ಯಾಗ,
ಐದನೆತ್ತಾದಿಂದ ಆ ಸಾಲಿ.
ಅಕ್ಕೋರು ಜೋರಾಗಿ ಕನ್ನಡದಾಗ.
ಅವರು ಇಪ್ಪತ್ತೇಳು ಅಂದಾಗ
ನನ್ನ ಬಾಯಾಗ ಸತ್ತಾವೀಸ ಬಂದು,
ಇಬ್ಬರೂ ನಿಂತು, ಬಟ್ಟು ಜಾರಿ,
ಮತ್ತ ಒಂದರಿಂದ.

ಈ ಸಲ ಎದ್ದಿತು.
ಪರದಿ ತುಂಬ ಕ್ಲಾಸಿನ ಫೋಟೋ:
ಒಂಬತ್ತು ಹುಡುಗೂರು, ಒಂದು ಆಡು.
ಕೆಳಗ ಪಟ್ಟಿ ಹಂಗ ಬೋಳು.

ಕಂಟ್ರೋಲ್, ಆಲ್ಟ್, ಡಿಲೀಟ್.
ಎಕ್ಸ್‌ಪ್ಲೋರರ್ ಹುಡುಕಿ ಅದನ್ನ ಮುಗಿಸಿದೆ.
ಪರದಿ ಒಮ್ಮಿಗೇ ಕರ್ರಗಾತು.
“ಯಾ ಅಲ್ಲಾ, ನನ್ನ ಪೇಪರ್!”
“ತಡೀರಿ, ಕೊಂದ ಎಬ್ಬಿಸಬೇಕು ಇದನ್ನ.”
ಒಂದೊಂದ ಬಂದ್ವು,
ಪ್ರಾರ್ಥನಾಕ್ಕ ತಡಾ ಆದ ಹುಡುಗೂರಂಗ:
ಬ್ಯಾಟರಿ, ವೈಫೈ, ಕೊನಿಗೆ ಸ್ಪೀಕರ್ರು
ಬಾಯಿಗೆ ಅಡ್ಡಗೆರಿ ಎಳಕೊಂಡು.
‘ಕ’ ಬರಲಿಲ್ಲ.

ಸೆಟ್ಟಿಂಗ್ಸ್ ನೋಡಿದ್ರ ಭಾಷಾ ಚಾಲೂ ಐತಿ.
ಎರಡು ಸಲ ಬಂದ್ ಮಾಡಿ ಹಚ್ಚಿದೆ.
ಕರೆಂಟು ಹೋತು, ಬಂತು. ಚಾ ಬಂತು, ಆರಿತು.
“ಗುರ್ತು ಹೋದ್ರ ಹೋಗಲ್ರಿ ಅಕ್ಕೋರ.
ವಿಂಡೋಸ್ ಗುಂಡಿ ಹಿಡದು ಸ್ಪೇಸ್ ಒತ್ರಿ.
ಏನೂ ಕಾಣಂಗಿಲ್ಲ, ಒತ್ರಿ.
ಈಗ ಕೆ.”
ಬಿಳಿ ಹಾಳಿ ಮ್ಯಾಗ ಬಿತ್ತು: ಕ.
ಅಕ್ಕೋರು ಕುರ್ಚಿ ಎಳಕೊಂಡು ಅದರ ಮುಂದನ ಹೊಡದ್ರು,
“ಕೂಡಿಸಿ ಬರೆಯಿರಿ. ಅಂಕಗಳು ಐದು.”

ಇನ್ನೂರ ಐವತ್ತು.
ಪಾವತಿ ಬೇಕು, ಹೆಡ್‌ಮಾಸ್ತರ ಹೆಸರಿಗೆ, ಕನ್ನಡದಾಗ.
ಇಪ್ಪತ್ತೆರಡು ವರ್ಷ ಆಗಿತ್ತು ನಾ ಬರದು.
ಅಕ್ಷರ ಅಕ್ಷರದ ತಲಿ ಮ್ಯಾಗ
ಗೆರಿ ಎಳಿಯಾಕ ಹೋಗತಿತ್ತು ಕೈ.
ತಡದು ತಡದು ‘ಲ್ಯಾಪಟಾಪ ದುರಸ್ಥಿ’ ಅಂತ ಬರದು ಕೊಟ್ಟೆ.

ಅಕ್ಕೋರು ಓದಿದ್ರು. ಚೀಲದಾಗಿಂದ ಕೆಂಪು ಪೆನ್ನು ತಗದ್ರು.
ಒತ್ತಕ್ಷರದ ಸುತ್ತ ಒಂದು ಗೋಲ.
“ಮೂರು ಸಲ ಬರಿ” ಅಂದ್ರು,
ರೊಟ್ಟಿ ಅರಿವಿ ಸುತ್ತಿ ಮೆಟ್ಟಲ ಏರಿದ್ರು.

ಮಾವಿನ ರಬ್ಬರು ಟೇಬಲ್ಲಿನ ಮ್ಯಾಗ ಉಳದಿತ್ತು.
ಪಾವತಿ ಪುಸ್ತಕದ ಹಿಂದಿನ ರಟ್ಟಿನ ಮ್ಯಾಗ
ದುರಸ್ತಿ, ಬರದೆ. ದುರಸ್ತಿ.
ಮೂರನೇದಕ್ಕ ಯಾರೋ ಪ್ರಿಂಟರ್ ತಂದ್ರು.